ಕಾಗದದ ಮೇಲೆ ಬೆಳೆದ ಹುಡುಗಿ

ಇಂದ್ರಾಣಿಯ ಕೈಬರಹವನ್ನು ಹೊಗಳದೆ ಹೋದ ಸೂಪರ್‌ವೈಜರ್ ಇಲ್ಲ. ಇಪ್ಪತ್ತಾರು ವರ್ಷದ ಅಂಗನವಾಡಿ ಕೆಲಸದಲ್ಲಿ ಅವಳ ರಿಜಿಸ್ಟರುಗಳಲ್ಲಿ ಒಂದು ಚಿತ್ತಿಲ್ಲ, ಒಂದು ಖಾಲಿ ಮನೆಯಿಲ್ಲ. ಮೀಟಿಂಗಿನ ದಿನ ಬೇರೆ ಊರಿನ ಟೀಚರುಗಳು ಅವಳ ಪುಸ್ತಕ ಇಸಕೊಂಡು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದರು. ಆ ಕೈಬರಹದ ಒಂದು ಕಾರ್ಡು ಈಗ ಮೈಸೂರಿನ ಒಂದು ಆಸ್ಪತ್ರೆಯ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಮಕ್ಕಳ ಹಾರ್ಮೋನು ಡಾಕ್ಟರು ಮಾನಸ ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿ, ಮಗುವಿನ ಬೆಳವಣಿಗೆಯನ್ನು ಇಷ್ಟು ಅಚ್ಚುಕಟ್ಟಾಗಿ ಬರೆದ ತಾಯಿ ಕಾರ್ಡನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಎಂದರು. ಹೊಗಳಿಕೆ ಕೇಳಿದ ಇಂದ್ರಾಣಿ ಕಾರ್ಡಿನಿಂದ ಕಣ್ಣು ತೆಗೆದಳು.

ಮೊಮ್ಮಗಳು ಗೌತಮಿ ಪಕ್ಕದ ಕುರ್ಚಿಯಲ್ಲಿ ಕಾಲು ತೂಗಾಡಿಸುತ್ತ ಕುಳಿತಿದ್ದಳು. ಒಂಬತ್ತು ವರ್ಷ ನಾಲ್ಕು ತಿಂಗಳು, ನಾಲ್ಕನೇ ಕ್ಲಾಸು, ಎತ್ತರ ನೂರಾ ಒಂಬತ್ತು ಸೆಂಟಿಮೀಟರ್. ಮಾತಿಗೆ ಕೂತರೆ ಹೈಸ್ಕೂಲಿನವರ ಬಾಯಿ ಮುಚ್ಚಿಸುತ್ತಿದ್ದಳು. ಎದ್ದು ನಿಂತರೆ ಒಂದನೇ ಕ್ಲಾಸಿನ ಸಾಲಿನಲ್ಲಿ ಕಳೆದುಹೋಗುತ್ತಿದ್ದಳು. ಶಾಲೆಗೆ ಆರೋಗ್ಯ ತಪಾಸಣೆಗೆ ಬಂದ ತಂಡದವರು ಅವಳ ವಯಸ್ಸನ್ನು ಎರಡು ಸಲ ಕೇಳಿ, ಅಳತೆಯನ್ನು ಮೂರು ಸಲ ತೆಗೆದು, ಒಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದು ನಂಜನಗೂಡಿನ ಮಕ್ಕಳ ಡಾಕ್ಟರ ಹತ್ತಿರ ಹೋದರೆ, ಅವರು ಮೈಸೂರಿಗೆ ಕಳಿಸಿದರು. ರಕ್ತ ಪರೀಕ್ಷೆ, ಎಡಗೈಯ ಎಕ್ಸ್‌ರೇ, ಹೆಣ್ಣುಮಗುವಾದ್ದರಿಂದ ಕ್ರೋಮೋಸೋಮಿನ ಪರೀಕ್ಷೆ, ಅರ್ಧ ದಿನ ಮಲಗಿಸಿಕೊಂಡು ಮತ್ತೆ ಮತ್ತೆ ರಕ್ತ ತೆಗೆಯುವ ಇನ್ನೊಂದು ಪರೀಕ್ಷೆ. ಎಲ್ಲ ಮುಗಿದು ತಿಳಿದದ್ದು ಇಷ್ಟು: ಥೈರಾಯ್ಡ್ ಸರಿಯಿದೆ, ಕ್ರೋಮೋಸೋಮ್ ಸರಿಯಿದೆ, ಕೈಮೂಳೆ ಆರು ವರ್ಷದ ಮಗುವಿನದರಂತಿದೆ, ಬೆಳವಣಿಗೆಯ ಹಾರ್ಮೋನು ಬಹಳ ಕಡಿಮೆ. ಯಾವಾಗಿನಿಂದ ಕಡಿಮೆ ಎಂಬುದು ಮಾತ್ರ ತಿಳಿಯಬೇಕಿತ್ತು. ಹಳೆಯ ಅಳತೆ ಏನಾದರೂ ಇದ್ದರೆ ತನ್ನಿ ಎಂದು ಡಾಕ್ಟರು ಹೇಳಿಕಳಿಸಿದ್ದರು.

"ನಮ್ಮತ್ತೆನೇ ಟೀಚರು ಮೇಡಂ," ಎಂದಳು ಸೊಸೆ ಸುನೀತಾ, ಒಂದಿಷ್ಟು ಹೆಮ್ಮೆಯಿಂದಲೇ. "ಮೂರು ವರ್ಸದಿಂದ ಆರು ವರ್ಸದ ತಂಕ ತಿಂಗ್ಳು ತಪ್ದಂಗೆ ಅಳ್ದು ಬರ್ದವ್ರೆ."

ಡಾಕ್ಟರು ಕಾರ್ಡಿನ ಅಂಕಿಗಳನ್ನು ನೋಡಿ ನೋಡಿ ಒಂದು ಗ್ರಾಫಿನ ಹಾಳೆಯ ಮೇಲೆ ಚುಕ್ಕಿ ಇಟ್ಟರು. ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದರು. ಗೆರೆ ಮೂರರಿಂದ ಆರನೇ ವರ್ಷದವರೆಗೆ ಸಲೀಸಾಗಿ ಮೇಲೆ ಹತ್ತಿ, ಅಲ್ಲಿಂದ ಮುಂದೆ ನೆಲಕ್ಕೆ ಮಲಗಿಬಿಟ್ಟಿತು. ಅವರ ಮುಖದಲ್ಲಿದ್ದ ನಗು ಹೋಯಿತು.

"ಆರು ವರ್ಷಕ್ಕೆ ನೂರಾ ಆರು ಸೆಂಟಿಮೀಟರ್, ಅಲ್ಲಿವರೆಗೆ ಪರವಾಗಿಲ್ಲ. ಆಮೇಲೆ ಮೂರು ವರ್ಷಕ್ಕೂ ಮೇಲೆ ಆಯ್ತು, ಬೆಳೆದಿರೋದು ಮೂರೇ ಸೆಂಟಿಮೀಟರ್," ಎಂದರು. "ಹುಟ್ಟಿನಿಂದಲೇ ನಿಧಾನವಾಗಿ ಬೆಳೆಯೋ ಮಗು ಬೇರೆ. ಚೆನ್ನಾಗಿ ಬೆಳೀತಾ ಇದ್ದು ಇದ್ದಕ್ಕಿದ್ದ ಹಾಗೆ ನಿಲ್ಲೋ ಮಗು ಬೇರೆ. ಇದು ಎರಡನೇದರ ಹಾಗೆ ಕಾಣ್ತಿದೆ."

ಅವರು ತಿಳಿಯುವಂತೆ ಬಿಡಿಸಿ ಹೇಳಿದರು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ, ಬೆಳವಣಿಗೆಯ ಹಾರ್ಮೋನು ಬರುವುದು ಅಲ್ಲಿಂದ. ಮಧ್ಯದಲ್ಲಿ ಹೀಗೆ ನಿಂತಿದೆ ಎಂದರೆ ಏನೋ ಒಂದು ಅದನ್ನು ಒತ್ತುತ್ತಿರಬಹುದು. ತಲೆಯ ಸ್ಕ್ಯಾನು ಬೇಗ ಆಗಬೇಕು. ತಲೆನೋವು ಬರುತ್ತದೆಯೇ ಎಂದು ಗೌತಮಿಯನ್ನು ಕೇಳಿದರೆ, ಲೆಕ್ಕದ ಪೀರಿಯಡ್ಡಿನಲ್ಲಿ ಬರುತ್ತದೆ ಎಂದಳು. ಬೇರೆ ದಿನವಾಗಿದ್ದರೆ ಆ ಮಾತಿಗೆ ಎಲ್ಲರೂ ನಗುತ್ತಿದ್ದರು. ಡಾಕ್ಟರು ಅದನ್ನೂ ಬರೆದುಕೊಂಡರು.

"ಗಡ್ಡೆನಾ ಮೇಡಂ?" ಸುನೀತಾ ಕೇಳಿದಳು.

ಈಗಲೇ ಹಾಗೆ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು ಎಂದರು ಡಾಕ್ಟರು. ಇಂದ್ರಾಣಿ ಬಾಯಿ ತೆರೆದಳು. ಆದರೆ ಸುನೀತಾ ಆಗಲೇ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹತ್ತು ವರ್ಷದಲ್ಲಿ ಅತ್ತೆಯ ಕೈಯನ್ನು ಅವಳು ಹಾಗೆ ಹಿಡಿದದ್ದು ಅದೇ ಮೊದಲು. ತೆರೆದ ಬಾಯಿ ಮುಚ್ಚಿಕೊಂಡಿತು.

ಕಾರ್ಡಿನ ಅಂಕಿಗಳಲ್ಲಿ ಒಂದೂ ನಿಜವಲ್ಲ. ಅದನ್ನು ಈ ಭೂಮಿಯ ಮೇಲೆ ಬಲ್ಲವಳು ಇಂದ್ರಾಣಿ ಒಬ್ಬಳೇ.

ಚಿಕ್ಕಯ್ಯನಛತ್ರ ಹೋಬಳಿಯ ಆ ಹಳ್ಳಿಯಲ್ಲಿ ಅವಳು ಕೆಲಸಕ್ಕೆ ಸೇರಿದಾಗ ಮೇಲಿನ ಬೀದಿಯ ಒಂದು ಮಗುವೂ ಅಂಗನವಾಡಿಗೆ ಬರುತ್ತಿರಲಿಲ್ಲ. ಕೇರಿಯ ಹೆಂಗಸು ಬೇಯಿಸಿದ್ದನ್ನು ತಿನ್ನಬೇಕಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೂರ ಎಂದರು, ಬಿಸಿಲು ಎಂದರು, ಮಗುವಿಗೆ ನೆಗಡಿ ಎಂದರು. ಆಮೇಲೆ ಒಂದೆರಡು ಮಕ್ಕಳು ಮನೆಯಿಂದಲೇ ಲೋಟ ತಂದುಕೊಂಡು ಬಂದವು. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಅವಳು ಬಡಿಸಿದ ಅನ್ನ ಉಣ್ಣಲು ಹನ್ನೆರಡು ವರ್ಷ ಹಿಡಿಯಿತು. ಆ ಸಾಲನ್ನು ನೋಡಿಕೊಂಡು ಇಂದ್ರಾಣಿ ಬಾಗಿಲ ಬಳಿ ನಿಲ್ಲುತ್ತಿದ್ದ ಠೀವಿಯೇ ಬೇರೆ. ಮನೆಯ ಗೋಡೆಯ ಮೇಲೆ ಬುದ್ಧನೂ ಬಾಬಾಸಾಹೇಬರೂ ಇದ್ದರು. ಓದಿದವಳು, ಲೆಕ್ಕ ಬಲ್ಲವಳು, ಮೂಢನಂಬಿಕೆ ಹತ್ತಿರ ಸುಳಿಯಗೊಡದವಳು ಎಂಬ ಹೆಸರು ಊರಲ್ಲಿತ್ತು. ಆ ಹೆಸರನ್ನು ಅವಳು ಇಸ್ತ್ರಿ ಮಾಡಿದ ಸೀರೆಯ ಹಾಗೆ ಜೋಪಾನ ಮಾಡಿದ್ದಳು.

ಮಗ ನಟರಾಜ್ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಸೊಸೆ ಗಾರ್ಮೆಂಟ್ಸಿನಲ್ಲಿ. ಬೆಳಿಗ್ಗೆ ಏಳೂವರೆಗೆ ವ್ಯಾನು ಬಂದು ಸುನೀತಾಳನ್ನು ಹತ್ತಿಸಿಕೊಂಡರೆ ಸಂಜೆ ಆರೂವರೆಗೆ ಇಳಿಸುತ್ತಿತ್ತು. ಗೌತಮಿ ಬೆಳೆದದ್ದೆಲ್ಲ ಅಜ್ಜಿಯ ಸೆರಗಿನಲ್ಲಿ, ಅಂಗನವಾಡಿಯಲ್ಲಿ. ಅವಳಿಗೆ ಮೂರು ತುಂಬಿದ ತಿಂಗಳು ಎತ್ತರ ಅಳೆಯುವ ಹೊಸ ಕೋಲು ಬಂತು, ಅಳತೆಯನ್ನು ಮೊಬೈಲಿಗೆ ಹಾಕುವ ಕೆಲಸವೂ ಬಂತು. ಇಂದ್ರಾಣಿ ಮೊದಲು ನಿಲ್ಲಿಸಿದ್ದು ತನ್ನ ಮೊಮ್ಮಗಳನ್ನೇ. ಎಂಬತ್ತಮೂರು ಬಂತು. ಮೊಬೈಲಿನಲ್ಲಿ ಹಾಕಿದರೆ ಮಗುವಿನ ಹೆಸರು ಕೆಂಪಾಯಿತು.

ಕೆಂಪು ಎಂದರೆ ಊಟವಿಲ್ಲದೆ ಕುಗ್ಗಿದ ಮಗು ಎಂದು ಅರ್ಥಮಾಡಿಕೊಳ್ಳುತ್ತಿದ್ದ ಕಾಲ. ಮೀಟಿಂಗಿನಲ್ಲಿ ಹೆಸರು ಓದುತ್ತಾರೆ. ಮೇಲಿನ ಬೀದಿಯ ಗುರುಸಿದ್ದಮ್ಮ, ಹನ್ನೆರಡು ವರ್ಷದ ಮೇಲೆ ಮೊಮ್ಮಗನನ್ನು ಕಳಿಸಲು ಒಪ್ಪಿದವಳು, ಏನು ಹೇಳುತ್ತಾಳೆಂದು ಇಂದ್ರಾಣಿಗೆ ಕೇಳದೆಯೇ ಗೊತ್ತಿತ್ತು: ತನ್ನ ಮನೆ ಮಗೂಗೇ ಉಣ್ಣಾಕಿಕ್ಕದೋಳು ನಮ್ಮ ಮಕ್ಳಿಗೇನು ಇಕ್ಕಾಳು. ಅಂಗನವಾಡಿಯ ಮಕ್ಕಳಿಗೆಂದು ಬರುವ ಮೊಟ್ಟೆ ಎಲ್ಲಿ ಹೋಯಿತು ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಇಂದ್ರಾಣಿ ಎಂಬತ್ತಮೂರನ್ನು ಅಳಿಸಿ ಎಂಬತ್ತೆಂಟು ಎಂದು ಹಾಕಿದಳು. ಹೆಸರು ಹಸಿರಾಯಿತು. ಮಗು ಹೇಗೂ ಬೆಳೆಯುತ್ತದೆ, ಒಂದು ವರ್ಷದಲ್ಲಿ ಅಂಕಿಯನ್ನು ಹಿಡಿದುಬಿಡುತ್ತದೆ ಎಂದುಕೊಂಡಳು. ಗಂಡ ಚನ್ನಯ್ಯನೂ ಗಿಡ್ಡ ಮನುಷ್ಯನೇ ಅಲ್ಲವೇ, ಅವನೇನು ಬದುಕಲಿಲ್ಲವೇ.

ಆದರೆ ಮುಂದಿನ ತಿಂಗಳು ಎಂಬತ್ತೆಂಟಕ್ಕಿಂತ ಕಡಿಮೆ ಬರೆಯುವುದು ಹೇಗೆ? ಎಂಬತ್ತೆಂಟೂವರೆ ಎಂದು ಬರೆದಳು. ಅದರ ಮುಂದಿನ ತಿಂಗಳು ಎಂಬತ್ತೊಂಬತ್ತು. ಹೀಗೆ ಕಾಗದದ ಮೇಲೆ ಇನ್ನೊಬ್ಬ ಗೌತಮಿ ತಿಂಗಳಿಗೆ ಅರ್ಧ ಸೆಂಟಿಮೀಟರಿನಂತೆ, ಜ್ವರ ನೆಗಡಿ ಏನೂ ಇಲ್ಲದೆ ಬೆಳೆದಳು. ಹಾಸಿಗೆಯಲ್ಲಿ ಅಜ್ಜಿಯ ಹೊಟ್ಟೆಗೆ ಅಂಟಿಕೊಂಡು ಮಲಗುತ್ತಿದ್ದ ಗೌತಮಿ ಹಿಂದೆ ಉಳಿದಳು. ಅವಳನ್ನು ಕೋಲಿನ ಕೆಳಗೆ ನಿಲ್ಲಿಸುವುದನ್ನೇ ಇಂದ್ರಾಣಿ ಬಿಟ್ಟುಬಿಟ್ಟಳು. ನೋಡಿದರೆ ತಾನೇ ಚಿಂತೆ.

ಇಷ್ಟೇ ಆಗಿದ್ದರೆ ಅವಳು ತನ್ನನ್ನು ತಾನು ಹೇಗೋ ಕ್ಷಮಿಸಿಕೊಳ್ಳುತ್ತಿದ್ದಳೇನೋ. ಮಗುವಿಗೆ ನಾಲ್ಕು ವರ್ಷವಾಗಿದ್ದಾಗ ಸುನೀತಾ ಒಂದು ಭಾನುವಾರ, ಹೋದ ವರ್ಷದ ಲಂಗ ಇನ್ನೂ ಸರಿಹೋಗುತ್ತಿದೆ ಅತ್ತೆ, ಒಂದು ಸಲ ಡಾಕ್ಟರಿಗೆ ತೋರಿಸೋಣವೇ ಎಂದು ಕೇಳಿದ್ದಳು. ಇಂದ್ರಾಣಿ ಟ್ರಂಕಿನಿಂದ ಕಾರ್ಡು ತೆಗೆದು ಅವಳ ಮುಂದೆ ಹಿಡಿದಿದ್ದಳು. ನೋಡು, ಹಸಿರು ಪಟ್ಟಿಯಲ್ಲಿ ಇದ್ದಾಳೆ, ಅಳೆದು ಬರೆದವಳು ನಾನು, ಸುಮ್ಮನೆ ಗಾಬರಿಯಾಗಬೇಡ ಎಂದಿದ್ದಳು. ಹತ್ತನೇ ಕ್ಲಾಸು ಫೇಲಾಗಿದ್ದ ಸುನೀತಾ, ಅಂಕಿ ನೋಡಿ ತಲೆ ಆಡಿಸಿ, ಮತ್ತೆ ಆ ಮಾತು ಎತ್ತಿರಲಿಲ್ಲ. ಆ ಭಾನುವಾರ ಈಗ ಇಂದ್ರಾಣಿಯ ಎದೆಯ ಮೇಲೆ ಕುಳಿತಿತ್ತು.

ಸ್ಕ್ಯಾನಿಗೆ ದಿನ ಸಿಕ್ಕಿದ್ದು ಹತ್ತು ದಿನದ ಮೇಲೆ. ಆ ಹತ್ತು ದಿನ ಮನೆ ಮನೆಯಾಗಿರಲಿಲ್ಲ. ನಟರಾಜ್ ಮೊಬೈಲಿನಲ್ಲಿ ಮೆದುಳಿನ ಗಡ್ಡೆಯ ವಿಷಯವನ್ನೇ ಓದುತ್ತ, ಓದಿದ್ದನ್ನು ಹೆಂಡತಿಗೆ ಹೇಳದೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ಸುನೀತಾ ಗಾರ್ಮೆಂಟ್ಸಿಗೆ ರಜೆ ಹಾಕಿ ಮಗಳ ಹಿಂದೆಯೇ ಸುತ್ತಿದಳು. ಮಗು ಕೆಮ್ಮಿದರೆ ಹಣೆ ಮುಟ್ಟುವಳು, ಹೊರಳಿದರೆ ಎದ್ದು ಕೂರುವಳು. ಒಂದು ಮಧ್ಯಾಹ್ನ ಗೌತಮಿಗೆ ಎರಡು ಜಡೆ ಹಾಕುತ್ತ, ಆಪರೇಷನ್ ಆದರೆ ಈ ಕೂದಲನ್ನೆಲ್ಲ ತೆಗೆಯುತ್ತಾರೋ ಎಂದು ಇಂದ್ರಾಣಿಯನ್ನು ಕೇಳಿದಳು. ಇಂದ್ರಾಣಿ ಎದ್ದು ಒಲೆಯ ಹತ್ತಿರ ಹೋಗಿ, ಉಕ್ಕದ ಹಾಲನ್ನು ಇಳಿಸಿದಳು. ಹೇಡಿ ಎಂದರೆ ಅವಳೇ. ಸ್ಕ್ಯಾನಿನಲ್ಲಿ ಏನೂ ಇರುವುದಿಲ್ಲ, ಅದೇ ಎಲ್ಲವನ್ನೂ ಸರಿಮಾಡುತ್ತದೆ, ತಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ ಎಂದು ಕಾದಳು.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಸುನೀತಾ ಆಸ್ಪತ್ರೆಯ ಕಾರಿಡಾರಿನಲ್ಲೇ ಕುಸಿದು ಕುಳಿತು ಅತ್ತಳು. ಆದರೆ ಡಾಕ್ಟರ ಮುಖ ಸಡಿಲವಾಗಿರಲಿಲ್ಲ. ಗ್ರಂಥಿ ಸ್ವಲ್ಪ ಚಿಕ್ಕದಾಗಿದೆ, ಅಷ್ಟೇ. ಅಂಥದ್ದು ಸಾಮಾನ್ಯವಾಗಿ ಹುಟ್ಟಿನಿಂದ ಬರುವುದು. ಹುಟ್ಟಿನಿಂದ ಬಂದಿದ್ದರೆ ಮಗು ಆರು ವರ್ಷದವರೆಗೆ ಸರಿಯಾಗಿ ಬೆಳೆದದ್ದು ಹೇಗೆ? ಕಾರ್ಡಿನ ಗೆರೆಗೂ ಈ ಚಿತ್ರಕ್ಕೂ ಹೊಂದುತ್ತಿಲ್ಲ. ಕೆಲವೊಮ್ಮೆ ಗಡ್ಡೆ ಮೊದಲ ಸ್ಕ್ಯಾನಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆರು ತಿಂಗಳು ಬಿಟ್ಟು ಮತ್ತೊಮ್ಮೆ ಸ್ಕ್ಯಾನು ಮಾಡೋಣ ಎಂದರು.

"ಇಂಜೆಕ್ಷನ್ ಅಂದಿದ್ರಲ್ಲ ಮೇಡಂ, ಬೆಳೆಯಕ್ಕೆ?" ನಟರಾಜ್ ಕೇಳಿದ.

"ಒಳಗೆ ಗಡ್ಡೆ ಇದ್ದರೆ ಆ ಇಂಜೆಕ್ಷನ್ ಅದನ್ನೂ ಬೆಳೆಸಬಹುದು. ಅನುಮಾನ ಇಟ್ಕೊಂಡು ಕೊಡೋಕಾಗಲ್ಲ," ಎಂದರು ಡಾಕ್ಟರು. "ಆರು ತಿಂಗಳು ಕಾಯೋದು ನನಗೂ ಇಷ್ಟ ಇಲ್ಲ. ಇನ್ನು ಕೆಲವು ವರ್ಷಕ್ಕೆ ದೊಡ್ಡವಳಾಗ್ತಾಳೆ, ಅದಾದ ಮೇಲೆ ಮೂಳೆ ಕೂಡಿಕೊಂಡುಬಿಡುತ್ತೆ. ಈಗ ಒಂದೊಂದು ತಿಂಗಳೂ ಮುಖ್ಯ. ಆದರೆ ಬೇರೆ ದಾರಿ ಇಲ್ಲ."

ಇಂದ್ರಾಣಿ ಬಚ್ಚಿಟ್ಟುಕೊಂಡಿದ್ದ ಮೂಲೆ ಅಲ್ಲಿಗೆ ಮುಗಿಯಿತು. ಮೂರು ವರ್ಷ ಬರೆದ ಸುಳ್ಳು ಮಗುವಿನಿಂದ ಇನ್ನೂ ಆರು ತಿಂಗಳನ್ನು ಕೇಳುತ್ತಿತ್ತು. ಹೇಳಬೇಕು, ಸರಿ. ಆದರೆ ಕಾರ್ಡು ಸುಳ್ಳು ಎಂದರೆ ನಿಜ ಯಾವುದು ಎಂದು ಕೇಳುತ್ತಾರಲ್ಲ. ಅಳೆದಿದ್ದರೆ ತಾನೇ ಹೇಳುವುದು. ನಂಜನಗೂಡಿನವರೆಗೆ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದವಳಿಗೆ, ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಬೀಗಿತ್ತಿ ಮಂಗಳಮ್ಮನ ದಾರಗಳು ನೆನಪಾದವು.

ಸುನೀತಾಳ ತಾಯಿ ಮಂಗಳಮ್ಮ ಟಿ. ನರಸೀಪುರದಲ್ಲಿರುವವಳು. ನಾಟಿ, ಕಳೆ, ಕಬ್ಬಿನ ಕೂಲಿ ಮಾಡಿಕೊಂಡವಳು. ಸಹಿ ಎಂದರೆ ಹೆಬ್ಬೆಟ್ಟು. ಗೌತಮಿ ಹುಟ್ಟಿದ್ದು ಶಿವರಾತ್ರಿಯ ಆಸುಪಾಸು. ಪ್ರತಿ ವರ್ಷ ಶಿವರಾತ್ರಿಗೆ ಮಗು ಅಲ್ಲಿಗೆ ಹೋದಾಗ, ಮಂಗಳಮ್ಮ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದು ನೂಲಿನ ದಾರ ಹಿಡಿದು ಕತ್ತರಿಸಿ, ಅರಿಶಿನದಲ್ಲಿ ಅದ್ದಿ ಒಣಗಿಸಿ ಡಬ್ಬಿಯಲ್ಲಿ ಇಡುತ್ತಿದ್ದಳು. ಹುಡುಗಿ ದೊಡ್ಡವಳಾದ ಮೇಲೆ ದಾರಗಳನ್ನೆಲ್ಲ ಹೊಸೆದು ಒಂದೇ ಬತ್ತಿ ಮಾಡಿ ನಂಜುಂಡೇಶ್ವರನ ಮುಂದೆ ಹಚ್ಚುತ್ತೇನೆಂದು ಹೊತ್ತ ಹರಕೆ. ಅದು ಅವಳ ತಾಯಿಯ ಮನೆಯಿಂದ ಬಂದ ಪದ್ಧತಿಯಂತೆ. ಒಂದು ಸಲ ಅದನ್ನು ಕಂಡ ಇಂದ್ರಾಣಿ, ನಾಲ್ಕು ಜನರ ಮುಂದೆಯೇ, ಮಕ್ಕಳು ದಾರದಲ್ಲಿ ಬೆಳೆಯುವುದಿಲ್ಲ ಅಕ್ಕ, ಹಾಲು ಮೊಟ್ಟೆಯಲ್ಲಿ ಬೆಳೆಯುವುದು ಎಂದು ನಕ್ಕಿದ್ದಳು. ಮಂಗಳಮ್ಮನೂ ನಕ್ಕು ಸುಮ್ಮನಾಗಿದ್ದಳು.

ಮಾರನೆಯ ದಿನ ಅಂಗನವಾಡಿಯನ್ನು ಆಯಾಳಿಗೆ ಒಪ್ಪಿಸಿ, ತಾಲ್ಲೂಕು ಆಫೀಸಿನ ಕೆಲಸವಿದೆ ಎಂದು ಮನೆಯಲ್ಲಿ ಇನ್ನೊಂದು ಸುಳ್ಳು ಹೇಳಿ, ಇಂದ್ರಾಣಿ ನರಸೀಪುರದ ಬಸ್ಸು ಹತ್ತಿದಳು. ಮಂಗಳಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವಳು, ಸ್ಕ್ಯಾನಿನಲ್ಲಿ ಏನೋ ಬಂತೆಂದೇ ಗಾಬರಿಯಾಗಿ ಎದ್ದಳು. ಏನೂ ಇಲ್ಲ ಎಂದು ಅವಳನ್ನು ಕೂರಿಸಿ, ನೀರು ಕುಡಿದು, ಇಂದ್ರಾಣಿ ದಾರಗಳನ್ನು ಕೇಳಿದಳು.

ಡಬ್ಬಿ ಬಂತು. ಒಂಬತ್ತು ಹಳದಿ ದಾರಗಳು. ಯಾವುದು ಯಾವ ವರ್ಷದ್ದೆಂದು ತಿಳಿಯಲು ವಯಸ್ಸಿಗೆ ಒಂದರಂತೆ ತುದಿಯಲ್ಲಿ ಗಂಟು. ಇಂದ್ರಾಣಿ ಬ್ಯಾಗಿನಿಂದ ಟೇಪು ತೆಗೆದು ಜಗಲಿಯ ಮೇಲೆ ಚಾಚಿದಳು. ಮೂರು ಗಂಟಿನ ದಾರ ಎಂಬತ್ತಮೂರು. ತಾನು ಅಳಿಸಿ ಹಾಕಿದ ಅದೇ ಅಂಕಿ. ನಾಲ್ಕು ಗಂಟಿನದು ಎಂಬತ್ತೇಳು. ಆರು ಗಂಟಿನದು ತೊಂಬತ್ತಾರು. ಕಾರ್ಡಿನಲ್ಲಿ ಅವಳು ಬರೆದದ್ದು ನೂರಾ ಆರು. ಒಂಬತ್ತು ಗಂಟಿನದು ನೂರಾ ಎಂಟು. ಮಗು ಎಲ್ಲೂ ನಿಂತಿರಲಿಲ್ಲ. ವರ್ಷಕ್ಕೆ ನಾಲ್ಕು ನಾಲ್ಕು ಸೆಂಟಿಮೀಟರು, ಪಾಪ, ತನ್ನ ಕೈಲಾದಷ್ಟು ಬೆಳೆಯುತ್ತಲೇ ಬಂದಿತ್ತು.

ಅವಳು ಅಲ್ಲೇ ಎಲ್ಲವನ್ನೂ ಹೇಳಿದಳು. ಕೆಂಪು ಬಂದದ್ದು, ಅಳಿಸಿದ್ದು, ಅರ್ಧರ್ಧ ಸೆಂಟಿಮೀಟರು ಸೇರಿಸಿದ್ದು, ಸುನೀತಾ ಕೇಳಿದಾಗ ಕಾರ್ಡು ಹಿಡಿದದ್ದು. ಮಂಗಳಮ್ಮ ಬಯ್ಯುತ್ತಾಳೆಂದು ತಲೆ ತಗ್ಗಿಸಿದ್ದಳು. ಮಂಗಳಮ್ಮ ಕಡಲೆಕಾಯಿಯ ಸಿಪ್ಪೆಯನ್ನು ಮೊರದ ಒಂದು ಕಡೆಗೆ ಸರಿಸಿದಳು.

"ನಂಗೂ ಗೊತ್ತಾಯ್ತಿತ್ತು ಕಣವ್ವ," ಎಂದಳು ಮೆಲ್ಲಗೆ. "ವರ್ಸ ವರ್ಸ ಎಲ್ಡು ಬೆಳ್ಳು ಮೇಲೆ ಜಾಸ್ತಿ ಬತ್ತಿರ್ನಿಲ್ಲ ದಾರ. ಸುನೀತಂಗೆ ಏಳಾನ ಅನ್ಕತಿದ್ದೆ. ಆಮೇಲೆ, ನೀವು ಓದ್ದೋರು, ಬುಕ್ಕಲ್ಲಿ ಸರ್ಯಾಗದೆ ಅಂತೀರಿ. ನನ್ ದಾರ ಯಾವ ಲೆಕ್ಕ ಅಂತ ಸುಮ್ಕಾದೆ."

ಬೈದಿದ್ದರೆ ಇಂದ್ರಾಣಿ ತಡೆದುಕೊಳ್ಳುತ್ತಿದ್ದಳು. ಆ ಜಗಲಿಯ ಮೇಲೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸುನೀತಾ, ಮಂಗಳಮ್ಮ ಇಬ್ಬರನ್ನೂ ಸುಮ್ಮನಿರಿಸಿದ್ದು ತನ್ನ ಓದು. ಮಂಗಳಮ್ಮ ದಾರಗಳನ್ನು ಒಂದೊಂದಾಗಿ ಎಣಿಸಿ, ಸುತ್ತಿ, ಒಂದು ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಹರಕೆಯ ದಾರ, ಕಳೆಯಬೇಡಿ ಎಂದಷ್ಟೇ ಹೇಳಿದಳು.

ಗುರುವಾರ ಮತ್ತೆ ಮೈಸೂರು. ಗೌತಮಿ ಅಪ್ಪನ ಜೊತೆ ಹೊರಗಿನ ಮೀನಿನ ತೊಟ್ಟಿಯ ಹತ್ತಿರ ಉಳಿದಳು. ಒಳಗೆ ಸುನೀತಾ, ಇಂದ್ರಾಣಿ, ಡಾಕ್ಟರು. ಯಾಕೆ ಬೇಗ ಬಂದಿರಿ ಎಂದು ಡಾಕ್ಟರು ಕೇಳಿದರು. ಸುನೀತಾ ಅತ್ತೆಯ ಮುಖ ನೋಡಿದಳು. ಹೋಗಬೇಕು ಎಂದವಳು ಅತ್ತೆ, ಕಾರಣ ಅವಳಿಗೂ ಗೊತ್ತಿರಲಿಲ್ಲ. ಇಂದ್ರಾಣಿ ಬಟ್ಟೆಯ ಗಂಟು ಬಿಚ್ಚಿ ದಾರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಸಾಲು ನೇರವಾಗಿಯೇ ಬಂತು. ಇಪ್ಪತ್ತಾರು ವರ್ಷದ ಅಭ್ಯಾಸ.

"ಇದು ನಮ್ಮವ್ವನ ಗಂಟು," ಎಂದಳು ಸುನೀತಾ.

"ಆ ಕಾರ್ಡು ಸುಳ್ಳು ಮೇಡಂ," ಎಂದಳು ಇಂದ್ರಾಣಿ. "ಮಗೂನ ಅಳೀನೇ ಇಲ್ಲ ನಾನು. ಕೂತ್ಕಂಡು ಬರ್ದೆ. ನಿಜವಾದ ಅಳ್ತೆ ಈ ದಾರ್ದಲ್ಲದೆ."

ಡಾಕ್ಟರು ಕಾರ್ಡನ್ನೂ ದಾರಗಳನ್ನೂ ಹತ್ತಿರಕ್ಕೆ ಎಳೆದುಕೊಂಡರು. ಟೇಪು ತೆಗೆದು ಒಂದೊಂದು ದಾರವನ್ನೂ ತಾವೇ ಅಳೆದರು. ನೂಲು ಒಣಗಿ ಒಂದಿಷ್ಟು ಕುಗ್ಗಿರಬಹುದು, ಕುಗ್ಗಿದ್ದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ, ಒಂದಕ್ಕೊಂದು ಇರುವ ಅಂತರ ಮುಖ್ಯ ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಹೊಸ ಹಾಳೆಯಲ್ಲಿ ಹೊಸ ಗೆರೆ ಎಳೆದರು. ಅದು ಎಲ್ಲ ಮಕ್ಕಳ ಗೆರೆಗಿಂತ ಎಷ್ಟೋ ಕೆಳಗೆ, ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ತೆವಳಿಕೊಂಡು ಹೋಗಿತ್ತು. ಸ್ಕ್ಯಾನಿಗೂ ಅದಕ್ಕೂ ಸರಿಯಾಗಿ ಹೊಂದಿತು. ಹುಟ್ಟಿನಿಂದ ಬಂದದ್ದು, ಗಡ್ಡೆಯ ಭಯ ಈಗ ಬಹುಮಟ್ಟಿಗೆ ಇಲ್ಲ, ಕಾಯುವುದು ಬೇಡ, ಇಂಜೆಕ್ಷನ್ ಶುರು ಮಾಡೋಣ ಎಂದರು. ಹಳೆಯ ಕಾರ್ಡನ್ನು ಇಂದ್ರಾಣಿಯ ಕಡೆ ಸರಿಸಿ, ಯಾವ ಮಗುವೂ ತಿಂಗಳು ತಿಂಗಳೂ ಸರಿಯಾಗಿ ಅರ್ಧ ಸೆಂಟಿಮೀಟರು ಬೆಳೆಯುವುದಿಲ್ಲ, ತಮಗೆ ಅದು ಮೊದಲೇ ಹೊಳೆಯಬೇಕಿತ್ತು, ಕೈಬರಹ ನೋಡಿ ಮೋಸ ಹೋದೆ ಎಂದರು. ಆ ಮಾತಿನಲ್ಲಿ ಸಿಟ್ಟೂ ಇತ್ತು.

ಸುನೀತಾ ಅತ್ತೆಯ ಕಡೆ ತಿರುಗಲಿಲ್ಲ. ಡಾಕ್ಟರನ್ನೇ ಕೇಳಿದಳು.

"ನಾಕು ವರ್ಸಕ್ಕೇ ಕರ್ಕಂಡ್ ಬಂದಿದ್ರೆ?"

"ಆಗಲೇ ಶುರು ಮಾಡಿದ್ದರೆ ಬಹುಶಃ ಉಳಿದ ಮಕ್ಕಳ ಸಮಕ್ಕೆ ಬರ್ತಿದ್ದಳು," ಎಂದರು ಡಾಕ್ಟರು. ಸುಳ್ಳು ಹೇಳಲು ಅವರಿಗೆ ಮನಸ್ಸು ಬರಲಿಲ್ಲವೇನೋ. "ಈಗಲೂ ಬೆಳೀತಾಳೆ. ಎಷ್ಟು ಅಂತ ಮಾತು ಕೊಡೋಕಾಗಲ್ಲ. ಐದು ವರ್ಷ ಹೋಗಿದೆ."

"ನಾನು ಕೇಳ್ದಾಗ ಅಸ್ರು ಪಟ್ಟೀಲಿ ಅವ್ಳೆ ಅಂದ್ರಲ್ಲ ಅತ್ತೆ," ಎಂದಳು ಸುನೀತಾ, ಗೋಡೆ ನೋಡಿಕೊಂಡು. ಇಂದ್ರಾಣಿ ದಾರಗಳನ್ನು ಒಂದೊಂದಾಗಿ ಸುತ್ತಿ ಬಟ್ಟೆಯಲ್ಲಿ ಕಟ್ಟತೊಡಗಿದಳು.

ಇಎಸ್‌ಐ ವಿಮೆಯ ಕಾಗದಗಳೆಲ್ಲ ಓಡಾಡಿ ಮುಗಿದು ಇಂಜೆಕ್ಷನ್ ಮನೆಗೆ ಬರಲು ಒಂದು ತಿಂಗಳು ಹಿಡಿಯಿತು. ಪೆನ್ನಿನ ಹಾಗಿರುವ ಸಾಧನ, ಫ್ರಿಜ್ಜಿನಲ್ಲಿಡಬೇಕು, ದಿನಾ ಊಟವಾದ ಮೇಲೆ ತೊಡೆಗೆ ಚುಚ್ಚಬೇಕು. ಸುನೀತಾ ಕಲಿತುಕೊಂಡಳು. ಮೊದಮೊದಲು ಗೌತಮಿ ಮನೆಯೆಲ್ಲ ಓಡಾಡಿಸಿದಳು, ಆಮೇಲೆ ತಾನೇ ಲಂಗ ಎತ್ತಿಕೊಂಡು, ಇವತ್ತು ಎಡಗಾಲಿನ ಪಾಳಿ ಎಂದು ಬಂದು ಕೂರುತ್ತಿದ್ದಳು. ಸುನೀತಾ ಅತ್ತೆಗೆ ಹೊತ್ತುಹೊತ್ತಿಗೆ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ನಟರಾಜ್ ಅವ್ವನನ್ನು ಒಂದು ಸಲ ಯಾಕೆ ಎಂದು ಕೇಳಿದ. ಅವಳು ಹೇಳಿದ್ದನ್ನು ಕೇಳಿಸಿಕೊಂಡು ಕೆಲಸಕ್ಕೆ ಹೋದ.

ಇಂದ್ರಾಣಿ ಅಂಗನವಾಡಿಯ ಅಳತೆಯ ಕೋಲಿನ ಧೂಳು ಒರೆಸಿ ಅಲ್ಲಿಯವರೆಗೆ ಅಂದಾಜಿನಲ್ಲೇ ಬರೆದುಕೊಂಡಿದ್ದ ಇಪ್ಪತ್ತೆರಡು ಮಕ್ಕಳನ್ನೂ ಹೊಸದಾಗಿ ಅಳೆದಳು. ಮೂರು ಹೆಸರು ಕೆಂಪಾದವು. ಸೂಪರ್‌ವೈಜರ್ ನೋಟಿಸು ಕೊಟ್ಟರು, ಹಳೆಯ ಅಂಕಿಗಳಿಗೆ ವಿವರಣೆ ಕೇಳಿದರು. ಒಂದು ಕೆಂಪು ಹೆಸರು ಗುರುಸಿದ್ದಮ್ಮನ ಕಿರಿಯ ಮೊಮ್ಮಗನದು. ಅವಳು ಬಾಗಿಲಿಗೆ ಬಂದು, ಇಂದ್ರಾಣಿ ಹೆದರಿಕೊಂಡಿದ್ದ ಎಲ್ಲ ಮಾತನ್ನೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಆಡಿ ಹೋದಳು. ಎರಡು ದಿನ ಮೇಲಿನ ಬೀದಿಯಿಂದ ಐದು ಮಕ್ಕಳು ಬರಲಿಲ್ಲ. ಇಂದ್ರಾಣಿ ಮೂರು ಮಕ್ಕಳಿಗೂ ಚೀಟಿ ಬರೆದು ನಂಜನಗೂಡಿನ ಆಸ್ಪತ್ರೆಗೆ ಕಳಿಸಿದಳು. ಆ ಚೀಟಿಗಳ ಕೈಬರಹ ಅಷ್ಟು ಚೆನ್ನಾಗಿರಲಿಲ್ಲ.

ಮನೆಯಲ್ಲಿ ಅಳತೆ ತಿಂಗಳಿಗೊಮ್ಮೆ, ಮೊದಲ ಭಾನುವಾರ. ಸುನೀತಾ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಟೇಪು ಅಂಟಿಸಿದ್ದಳು. ಮಗಳ ತಲೆಯ ಮೇಲೆ ಪುಸ್ತಕ ಇಟ್ಟು, ತಾನೇ ನೋಡಿ, ತಾನೇ ಬರೆಯುತ್ತಿದ್ದಳು. ಇಂದ್ರಾಣಿ ಆ ಹೊತ್ತಿಗೆ ಹಿತ್ತಲಿಗೋ ಬೀದಿಗೋ ಹೋಗಿಬಿಡುತ್ತಿದ್ದಳು. ಅಳತೆಯ ಹತ್ತಿರ ಬರಬೇಡಿ ಎಂದು ಸೊಸೆ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮೂರನೇ ತಿಂಗಳ ಭಾನುವಾರ ಮಳೆ ಹಿಡಿದಿತ್ತು, ಹೊರಗೆ ಹೋಗಲಾಗಲಿಲ್ಲ. ಇಂದ್ರಾಣಿ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತ ಕುಳಿತಳು. ಗೌತಮಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸುನೀತಾ ಪುಸ್ತಕ ಇಟ್ಟು ಬಗ್ಗಿ ನೋಡಿದಳು. ಅವಳ ಮುಖ ಅರಳಿತು. ನೂರಾ ಹದಿನೈದು. ಇಂಜೆಕ್ಷನ್ ಶುರುವಾದಾಗಿನಿಂದ ಆರು ಸೆಂಟಿಮೀಟರು! ಗಂಡನನ್ನು ಕರೆಯಲು ಬಾಯಿ ತೆರೆದಳು. ಕೆಳಗೆ ಕುಳಿತಿದ್ದ ಇಂದ್ರಾಣಿಗೆ ಕಂಡದ್ದು ಬೇರೆ. ಲಂಗದ ಅಂಚಿನ ಕೆಳಗೆ ಮಗುವಿನ ಎರಡೂ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿದ್ದವು. ಗೌತಮಿಯ ಕಣ್ಣು ಅಮ್ಮನ ಮುಖದ ಮೇಲಿತ್ತು. ಆ ಮುಖ ಹಾಗೆಯೇ ಅರಳಿರಲಿ ಎಂದು ಕಾಲ್ಬೆರಳ ತುದಿಯಲ್ಲಿ ನಿಂತಿದ್ದಳು.

ಯಾಕೆ ಹಾಗೆ ನಿಂತಿದೆ ಮಗು ಎಂಬುದು ಇಂದ್ರಾಣಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸೊಸೆ ನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದಳು. ಸುಮ್ಮನಿದ್ದರೆ ಆ ನಗು ಒಂದು ತಿಂಗಳು ಬಾಳುತ್ತಿತ್ತು.

"ಇಮ್ಮಡಿ ನೆಲಕ್ಕೂರು ಕೂಸೆ," ಎಂದಳು.

ಸುನೀತಾ ತಿರುಗಿ ನೋಡಿದಳು, ಆಮೇಲೆ ಕೆಳಗೆ ನೋಡಿದಳು. ಗೌತಮಿ ಸದ್ದಿಲ್ಲದೆ ಹಿಮ್ಮಡಿ ಇಳಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತು. ಪುಸ್ತಕವೂ ಅವಳ ಜೊತೆ ಕೆಳಗೆ ಇಳಿಯಿತು. ಸುನೀತಾ ಅದನ್ನು ಹಿಡಿದುಕೊಂಡೇ ಇದ್ದಳು, ಅಂಕಿ ನೋಡಲಿಲ್ಲ.

"ನೀವೇ ನೋಡಿ, ಎಷ್ಟದೆ ಅಂತ ಏಳಿ ಅತ್ತೆ," ಎಂದಳು.

ಇಂದ್ರಾಣಿ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಕನ್ನಡಕ ಹುಡುಕಿ ಹಾಕಿಕೊಂಡಳು. ಮೊಮ್ಮಗಳ ಹಿಮ್ಮಡಿ ಮುಟ್ಟಿ ನೋಡಿದಳು, ಮಂಡಿ ನೇರವಿದೆಯೇ ನೋಡಿದಳು, ಕೊನೆಗೆ ಪುಸ್ತಕದ ಅಂಚಿಗೆ ಕಣ್ಣು ತಂದಳು. ನೂರಾ ಹನ್ನೆರಡು ಎನ್ನಬಹುದಿತ್ತು. ಗೆರೆಗೂ ಪುಸ್ತಕಕ್ಕೂ ಒಂದು ಎಳೆಯಷ್ಟೇ ದೂರ, ಯಾರೂ ಬೇಡ ಎನ್ನುತ್ತಿರಲಿಲ್ಲ. ಅವಳು ಇನ್ನೊಮ್ಮೆ ನೋಡಿದಳು.

"ನೂರಾ ಅನ್ನೊಂದು ಮುಕ್ಕಾಲು," ಎಂದಳು. "ಅನ್ನೆರಡಿಲ್ಲ."

ಸುನೀತಾ ಹಾಗೆಯೇ ಬರೆದುಕೊಂಡಳು.